ಪಿಯಾನೋ ಹ್ಯಾಮರ್‌ಗೆ ಸೂಜಿ ಚುಚ್ಚುವ ಮುಂಚೆ

ಸೂಜಿ ಈಗಲೇ ಕೈಗೆ ತಗೋಬೇಡಿ. ನವಿ ಮುಂಬೈನ ವಾಶಿಯ ಫ್ಲ್ಯಾಟಿನಲ್ಲಿರುವ ನಿಮ್ಮ ಹಳೇ ಅಪ್‌ರೈಟ್ (ನೆಟ್ಟಗೆ ನಿಲ್ಲುವ) ಪಿಯಾನೋದ ಮೇಲಿನ ಸ್ವರಗಳು ತಗಡು ಬಡಿದ ಹಾಗೆ ಕೇಳುತ್ತವೆ, ಟ್ಯೂನ್ ಮಾಡಿಸಿದರೂ ಹೋಗಿಲ್ಲ, ವಿಡಿಯೋ ನೋಡಿಕೊಂಡು ಹ್ಯಾಮರ್‌ಗೆ, ಅಂದರೆ ಕೀ ಒತ್ತಿದಾಗ ತಂತಿಗೆ ಬಡಿಯುವ ಚಿಕ್ಕ ಸುತ್ತಿಗೆಗೆ, ಅದು ಮೆತ್ತಗಾಗಲಿ ಅಂತ ನಾವೇ ಸೂಜಿ ಚುಚ್ಚಬಹುದಾ ಅಂತ ಕೇಳಿದ್ದೀರಿ. ಅದು ಕಟ್ಟಕಡೆಯ ಕೆಲಸ. ಅದಕ್ಕೆ ಮುಂಚೆ ಮಾಡಬೇಕಾದ್ದು ಬಹಳ ಇದೆ, ಕೆಲವಕ್ಕಂತೂ ಒಂದು ಪೈಸೆ ಖರ್ಚಿಲ್ಲ.

ಟ್ಯೂನಿಂಗ್ ಅಂದರೆ ಶ್ರುತಿ ಸರಿ ಮಾಡುವುದು, ವಾಯ್ಸಿಂಗ್ ಅಂದರೆ ನಾದ ಸರಿ ಮಾಡುವುದು, ಸೂಜಿ ಚುಚ್ಚುವುದು ಇದರ ಭಾಗ. ತಂಬೂರಿ ಇರುವ ಮನೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ನಾಲ್ಕೂ ತಂತಿ ಶ್ರುತಿಗೆ ಕೂತಿರುತ್ತವೆ, ಆದರೂ ಕುದುರೆಯ ಮೇಲಿನ ದಾರ ಸರಿಯಾದ ಜಾಗಕ್ಕೆ ಬರುವ ತನಕ ಜೀವ ಬರುವುದಿಲ್ಲ, ಅಲ್ವಾ? ಪಿಯಾನೋದಲ್ಲಿ ಆ ಜೀವ ಹೆಚ್ಚಾಗಿ ಇರುವುದು ಹ್ಯಾಮರ್‌ನ ಫೆಲ್ಟ್‌ನಲ್ಲಿ. ಫೆಲ್ಟ್ ಅಂದರೆ ಒತ್ತಿ ಗಟ್ಟಿ ಮಾಡಿದ ಉಣ್ಣೆ. ವರ್ಷಗಟ್ಟಲೆ ತಂತಿಗೆ ಬಡಿದು ಬಡಿದು ಅದರ ತುದಿ ಚಪ್ಪಟೆಯಾಗುತ್ತದೆ, ತಂತಿಯ ಗೆರೆಗಳು ಆಳವಾಗಿ ಕೂರುತ್ತವೆ, ಉಣ್ಣೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ನಿಮಗೆ ಕೇಳುತ್ತಿರುವ ತಗಡಿನ ಸದ್ದು ಬಹುಶಃ ಅದೇ. ಆದರೆ ಬಹುಶಃ ಮಾತ್ರ.

ನಾನು ಮುಂಬೈಯ ಮಾಹಿಮ್‌ನಲ್ಲಿ ಇರುವುದು, ಸಮುದ್ರಕ್ಕೆ ಹತ್ತಿರ. ಮಗಳಿಗೆ ಅಂತ ಸೆಕೆಂಡ್ ಹ್ಯಾಂಡ್ ಅಪ್‌ರೈಟ್ ತಗೊಂಡೆವು. ಒಂದೇ ಮಳೆಗಾಲ ಕಳೆಯುವುದರೊಳಗೆ ನಾದ ಕರ್ಕಶವಾಯಿತು. ಯಾರೋ ಹೇಳಿದರು ಅಂತ ಒಬ್ಬರನ್ನು ಕರೆಸಿದೆ, ಅವರು ಬಂದವರೇ ಹ್ಯಾಮರ್‌ಗಳ ನೆತ್ತಿಗೇ ಸೂಜಿ ಹಾಕಿದರು. ಎರಡು ದಿನ ಮೆತ್ತಗೆ ಕೇಳಿ ಖುಷಿಯಾಯಿತು. ಆಮೇಲೆ ನೋಡಿದರೆ ಮಧ್ಯದ ಸಪ್ತಕ ದಿಂಬಿಗೆ ಗುದ್ದಿದ ಹಾಗೆ, ಜೋರಾಗಿ ನುಡಿಸಿದರೂ ಹೊಳಪೇ ಇಲ್ಲ. ಮಗಳು ಪಿಯಾನೋ ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದಳು, ನನಗೆ ಅದು ತುಂಬಾ ನೋವಾಯಿತು. ಕೊನೆಗೆ ಬಾಂದ್ರಾದ ಒಬ್ಬ ಹಿರಿಯ ಟ್ಯೂನರ್ ಬಂದು ನೋಡಿದರು. ಫೆಲ್ಟ್ ಒಳಗಿನ ಬಿಗಿ ಒಮ್ಮೆ ಹೋದರೆ ಮೊದಲಿನ ಹಾಗೆ ವಾಪಸ್ ಬರುವುದಿಲ್ಲ ಅಂದರು. ಗಟ್ಟಿ ಮಾಡುವ ದ್ರಾವಣ ಹಾಕಿ ಸ್ವಲ್ಪ ಎಬ್ಬಿಸಬಹುದು, ಇಲ್ಲದಿದ್ದರೆ ಇಡೀ ಸೆಟ್ ಬದಲಿಸಬೇಕು. ನಾನು ಇವತ್ತು ಹೇಳುತ್ತಿರುವುದರಲ್ಲಿ ಹೆಚ್ಚಿನದು ಅವರ ಪಕ್ಕ ಟಾರ್ಚ್ ಹಿಡಿದು ನಿಂತು ಕಲಿತದ್ದು.

ಮೊದಲು ಕೋಣೆ ನೋಡಿ. ನೆಲಕ್ಕೆ ಟೈಲ್ಸ್, ಬೋಳು ಗೋಡೆ, ಪರದೆ ಇಲ್ಲ ಅಂದರೆ ಎಂಥ ಪಿಯಾನೋನೂ ಚೀರುತ್ತದೆ. ಕೆಳಗೆ ದಪ್ಪ ಜಮಖಾನ ಹಾಸಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ, ಮಳೆ ಹೊಡೆಯುವ ಹೊರಗೋಡೆ ಆದರೆ ಬೇರೆ ಗೋಡೆಗೇ ಬದಲಿಸಿ. ಮೇಲಿಟ್ಟಿರುವ ಫೋಟೋ ಫ್ರೇಮು, ಹೂದಾನಿ ಎಲ್ಲ ಇಳಿಸಿ ಮತ್ತೆ ನುಡಿಸಿ ನೋಡಿ, ಎಷ್ಟೋ ಸಲ ತಗಡಿನ ಸದ್ದು ಅಲ್ಲಿಂದಲೇ ಬರುತ್ತಿರುತ್ತದೆ.

ಆಮೇಲೆ ತೇವ. ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಶತ್ರು ಇದೇ. ಪಿಯಾನೋಗೆ ಹಿತವಾದದ್ದು ಸುಮಾರು ಶೇಕಡಾ 40ರಿಂದ 60ರ ಆರ್ದ್ರತೆ, ಜುಲೈ ತಿಂಗಳಲ್ಲಿ ಮುಂಬೈಯಲ್ಲಿ ಅದು 80 ದಾಟುತ್ತದೆ. ಒಳಗಿನ ಸೌಂಡ್‌ಬೋರ್ಡ್ (ತಂತಿಯ ಸದ್ದನ್ನು ದೊಡ್ಡದು ಮಾಡುವ ಹಲಗೆ) ಮರದ್ದು, ತೇವ ಹೀರಿ ಉಬ್ಬಿ ತಂತಿಗಳನ್ನು ಬಿಗಿಯುತ್ತದೆ, ಅದೂ ಮಧ್ಯದಲ್ಲಿ ಜಾಸ್ತಿ, ಬೇರೆ ಕಡೆ ಕಡಿಮೆ. ಹಾಗಾಗಿ ಜೂನ್‌ನಲ್ಲಿ ಸರಿಯಿದ್ದ ಶ್ರುತಿ ಆಗಸ್ಟ್‌ನಲ್ಲಿ ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ಸ್ವರದ ಮೂರು ತಂತಿಗಳು ಕೂದಲೆಳೆಯಷ್ಟು ತಪ್ಪಿದರೂ ಕಿವಿಗೆ ಕರ್ಕಶ ಅನಿಸುತ್ತದೆ, ನಾವು ಅದನ್ನೇ ನಾದದ ದೋಷ ಅಂದುಕೊಳ್ಳುತ್ತೇವೆ. ನೀವು ಟ್ಯೂನ್ ಮಾಡಿಸಿದ್ದು ಯಾವ ತಿಂಗಳು? ಮಳೆ ನಡುವೆ ಆಗಿದ್ದರೆ ದೀಪಾವಳಿ ಹೊತ್ತಿಗೆ ಇನ್ನೊಮ್ಮೆ ಮಾಡಿಸಿ, ಆಮೇಲೆ ನಾದದ ತೀರ್ಮಾನ ಮಾಡಿ. ತೇವ ಅಳೆಯುವ ಒಂದು ಚಿಕ್ಕ ಮೀಟರ್ ಪಿಯಾನೋ ಹತ್ತಿರ ಇಡಿ. ರಾತ್ರಿ ಎಸಿ ಹಾಕಿ ಹಗಲು ಆರಿಸಿ ಕಿಟಕಿ ತೆರೆಯುವುದು ಕೆಟ್ಟದ್ದು, ದಿನಾ ಮರ ಹಿಗ್ಗಿ ಕುಗ್ಗುತ್ತದೆ. ಕೋಣೆಗೆ ತೇವ ಹೀರುವ ಯಂತ್ರ, ಡಿಹ್ಯೂಮಿಡಿಫೈಯರ್, ಒಳ್ಳೆಯದು. ಕೆಳಗಿನ ಪೆಟ್ಟಿಗೆಯೊಳಗೆ ಬಲ್ಬು ಉರಿಸಿಡುವ ಹಳೇ ಪದ್ಧತಿ ಇದೆ, ಆದರೆ ಮರ, ಉಣ್ಣೆ, ಧೂಳು ಎಲ್ಲ ಇರುವ ಜಾಗ ಅದು. ಬೆಂಕಿಯ ಭಯ, ನಾನು ಒಪ್ಪುವುದಿಲ್ಲ. ಪಿಯಾನೋಗೆ ಅಂತಲೇ ಮಾಡಿದ, ತೇವ ನೋಡಿ ತಾನೇ ಆರುವ ಹೀಟರ್ ಕೋಲು ಸಿಗುತ್ತದೆ.

ಇಷ್ಟಾದ ಮೇಲೂ ತಗಡು ಹಾಗೇ ಉಳಿದರೆ ಮೇಲಿನ ಮುಚ್ಚಳ, ಮುಂದಿನ ಹಲಗೆ ತೆಗೆದು ಟಾರ್ಚ್ ಬಿಡಿ. ಹ್ಯಾಮರ್ ತುದಿ ಮೊಟ್ಟೆಯ ತುದಿಯ ಹಾಗಿರಬೇಕು. ನಿಮ್ಮದು ಚಪ್ಪಟೆಯಾಗಿ ಆಳ ಗೆರೆ ಬಿದ್ದಿದ್ದರೆ ಟ್ಯೂನರ್ ಮರಳು ಕಾಗದದ ಪಟ್ಟಿಯಲ್ಲಿ ಪದರ ಪದರವಾಗಿ ಉಜ್ಜಿ ಆಕಾರ ಕೊಡುತ್ತಾರೆ. ಮೇಲಿನ ಸ್ವರಗಳಲ್ಲಿ ಫೆಲ್ಟ್ ತೆಳು, ಅಲ್ಲಿ ಬಹಳ ಕಡಿಮೆ ಉಜ್ಜಬೇಕು. ಆಮೇಲೆ ಹ್ಯಾಮರ್ ಮೂರೂ ತಂತಿಗೆ ಒಟ್ಟಿಗೆ ತಾಗುತ್ತದಾ ಅಂತ ನೋಡಬೇಕು, ಒಂದಕ್ಕೆ ಮೊದಲು ತಾಗಿದರೂ ನಾದ ಟೊಳ್ಳು. ಕೀಗಳ ಆಳ, ಹ್ಯಾಮರ್ ಬಿಡುಗಡೆ ಆಗುವ ದೂರ, ಇವೆಲ್ಲ ಸರಿ ಮಾಡುವುದಕ್ಕೆ ರೆಗ್ಯುಲೇಶನ್ ಅನ್ನುತ್ತಾರೆ, ಅದನ್ನು ಬಿಟ್ಟು ವಾಯ್ಸಿಂಗ್‌ಗೆ ಹಾರುವವರನ್ನು ನಾನು ಇನ್ನು ಮನೆಗೆ ಕರೆಯುವುದಿಲ್ಲ.

ಸೂಜಿ ಬರುವುದು ಇದೆಲ್ಲ ಮುಗಿದ ಮೇಲೆ. ಹ್ಯಾಮರ್ ತುದಿಯನ್ನು ಗಡಿಯಾರದ 12 ಅಂದುಕೊಳ್ಳಿ. ಆಳವಾಗಿ ಚುಚ್ಚುವುದು 10 ಮತ್ತು 2ರ ಹತ್ತಿರ, ಭುಜಗಳಿಗೆ. 12ಕ್ಕೆ ಆಳವಾಗಿ ಯಾವತ್ತೂ ಬೇಡ. ಎರಡು ಚುಚ್ಚು, ನುಡಿಸಿ ಕೇಳು, ಮತ್ತೆ ಎರಡು, ಹೀಗೇ. ಆ ಹಿರಿಯರು ಒಂದೊಂದು ಕೀಯನ್ನೂ ಒಂದೇ ಬಲದಲ್ಲಿ, ಮೆಲ್ಲಗೆ, ಸಾಲಾಗಿ ನುಡಿಸಿ, ಎದ್ದು ಕೇಳಿದ ಸ್ವರಗಳಿಗೆ ಮಾತ್ರ ಸೀಮೆಸುಣ್ಣದ ಗುರುತು ಹಾಕಿದರು. 88 ಕೀಗಳಲ್ಲಿ ಹತ್ತನ್ನೂ ಮುಟ್ಟಲಿಲ್ಲ.

ಅದೇ ಪರೀಕ್ಷೆ ನೀವೂ ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಟ್ಯೂನರ್‌ಗೆ ಫೋನ್ ಮಾಡುವಾಗ "ಮೊದಲು ಹ್ಯಾಮರ್ ಆಕಾರ, ರೆಗ್ಯುಲೇಶನ್ ನೋಡ್ತೀರಾ?" ಅಂತ ಕೇಳಿ. ಹ್ಯಾಮರ್ ತುದಿಯ ಒಂದು ಫೋಟೋ ಇಲ್ಲಿ ಹಾಕಿದರೆ ಗೆರೆ ಎಷ್ಟು ಆಳ ಇದೆ ಅಂತ ನಾನೂ ನೋಡಿ ಹೇಳುತ್ತೇನೆ.