ಎಣ್ಣೆ ಆಮೇಲೆ, ಮೊದ್ಲು ಮಡ್ಡಿ ತೆಗೀರಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಹಳೇ ಟರ್ನ್‌ಟೇಬಲ್‌ಗಳ ಬೇರಿಂಗ್

ಪ್ರಶ್ನೆ: ಸಾರ್, ನಮ್ಮ ತಂದೆಯವರ ಕಾಲದ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ (ಮೋಟರ್ ಒಂದು ಬೆಲ್ಟಿನಿಂದ ತಟ್ಟೆ ತಿರುಗಿಸೋ ರೆಕಾರ್ಡ್ ಪ್ಲೇಯರ್) ಇಪ್ಪತ್ತು ವರ್ಷ ಅಟ್ಟದ ಮೇಲೇ ಇತ್ತು, ಈಗ ಇಳಿಸಿ ಒರೆಸಿ ಹೊಸ ಬೆಲ್ಟ್ ಹಾಕಿದೀನಿ. ತಿರುಗತ್ತೆ. ಆದ್ರೆ ಎರಡು ಹಾಡಿನ ನಡುವೆ ಸದ್ದಿಲ್ಲದ ಜಾಗದಲ್ಲಿ ಒಳಗಿಂದ ಗುರ್ರ್ ಅಂತ ಕೇಳತ್ತೆ, ಆನ್ ಮಾಡಿದ ತಕ್ಷಣ ಸ್ಪೀಡ್ ಹಿಡಿಯೋಕೂ ಒದ್ದಾಡತ್ತೆ. ಒಬ್ಬ ಗೆಳೆಯ "ತಟ್ಟೆ ಮಧ್ಯದ ಕಡ್ಡಿ, ಅದೇ ಸ್ಪಿಂಡಲ್, ಅದರ ಪಕ್ಕದಿಂದ ನಾಲ್ಕು ಹನಿ ಎಣ್ಣೆ ಬಿಡು, ಸರಿಹೋಗತ್ತೆ" ಅಂತಾನೆ, ಇನ್ನೊಬ್ಬ "ಬೇರಿಂಗ್ ಬಿಚ್ಚಿದ್ರೆ ಕೆಟ್ಟೋಗತ್ತೆ, ಮುಟ್ಲೇಬೇಡ" ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ರದ್ದೂ ಬೇಡ ಸಾರ್. ಬಿಚ್ಚಲೇಬೇಕು, ಆದ್ರೆ ಎಣ್ಣೆ ಹಾಕೋಕಲ್ಲ, ಮೊದ್ಲು ಹಳೇದನ್ನ ತೆಗೆಯೋಕೆ.

ಆ ದೊಡ್ಡ ತಟ್ಟೆ, ಅಂದ್ರೆ ಪ್ಲ್ಯಾಟರ್, ಅದರ ಇಡೀ ಭಾರ ನಿಂತಿರೋದು ಒಂದು ಪುಟ್ಟ ಗೋಲಿ ಮೇಲೆ. ಸ್ಪಿಂಡಲ್ ಸಣ್ಣ ಬಾವಿ ಥರದ ಕೊಳವೆಯೊಳಗೆ ಇಳಿದಿರತ್ತೆ, ಬಾವಿ ಗೋಡೆಗೆ ಕಂಚಿನ ಇಲ್ಲಾ ಹಿತ್ತಾಳೆ ಬುಷ್, ಅಂದ್ರೆ ಒಳಗವಸು, ತಳದಲ್ಲಿ ಭಾರ ಹೊರೋ ಬಿಲ್ಲೆ, ಅಂದ್ರೆ ಥ್ರಸ್ಟ್ ಪ್ಲೇಟ್, ಅದರ ಮೇಲೆ ಸ್ಟೀಲ್ ಬಾಲ್. ಕೆಲವು ಮಾಡೆಲ್‌ಗಳಲ್ಲಿ ಬೇರೆ ಬಾಲ್ ಇರಲ್ಲ, ಸ್ಪಿಂಡಲ್ ತುದಿಯನ್ನೇ ದುಂಡಗೆ ಮಾಡಿರ್ತಾರೆ. ಇಷ್ಟೇ ಬೇರಿಂಗ್. ಲೋಹಕ್ಕೆ ಲೋಹ ತಾಗದೇ ಇರೋಕೆ ಮಧ್ಯೆ ಕೂದಲಿಗಿಂತ ತೆಳ್ಳಗಿನ ಎಣ್ಣೆ ಪದರ ಬೇಕು. ಇಪ್ಪತ್ತು ವರ್ಷ ನಿಂತಲ್ಲೇ ನಿಂತ್ರೆ ಆ ಎಣ್ಣೇಲಿರೋ ಹಗುರವಾದ ಅಂಶ ಆರಿಹೋಗಿ, ಉಳಿದದ್ದು ಗಾಳಿ ತಾಗಿ ಅಂಟಂಟು ಮಡ್ಡಿ ಆಗತ್ತೆ, ಅದಕ್ಕೆ ಧೂಳು, ಸವೆದ ಲೋಹದ ಪುಡಿ ಎಲ್ಲ ಸೇರಿಕೊಂಡಿರತ್ತೆ. ಇದರ ಮೇಲೆ ಹೊಸ ಎಣ್ಣೆ ನಾಲ್ಕು ಹನಿ ಬಿಟ್ರೆ ಮಡ್ಡಿ ಕರಗಿ ಆ ಪುಡಿಯೆಲ್ಲ ಸೀದಾ ಬಾಲ್ ಕೆಳಗೆ ಹೋಗಿ ಕೂತ್ಕೊಳತ್ತೆ. ಒಂದು ವಾರ ಚೆನ್ನಾಗಿ ತಿರುಗತ್ತೆ, "ನೋಡಿ ಸರಿಹೋಯ್ತು" ಅನ್ಸತ್ತೆ. ಒಳಗೆ ಉಪ್ಪುಕಾಗದ ಉಜ್ಜಿದ ಹಾಗೆ ಸವೀತಾ ಇರತ್ತೆ. ನಾನು ಹಾಳಾಗಿರೋ ಬೇರಿಂಗ್ ನೋಡಿದ್ದು ಹೆಚ್ಚಾಗಿ ಎಣ್ಣೆ ಇಲ್ಲದೆ ಅಲ್ಲ, ಹಳೇದರ ಮೇಲೆ ಹೊಸದು ಸುರಿದೂ ಸುರಿದೂ.

ಬಿಚ್ಚೋಕೆ ಮುಂಚೆ ತೊಂದರೆ ಬೇರಿಂಗ್‌ದೇನಾ ಅಂತ ಖಾತ್ರಿ ಮಾಡ್ಕೊಳಿ. ಪ್ಲಗ್ ಕಿತ್ತು, ಬೆಲ್ಟ್ ತೆಗೆದು ಪ್ಲ್ಯಾಟರ್‌ನ ಕೈಲಿ ಒಂದು ಸುತ್ತು ಬೀಸಿ ಬಿಡಿ. ಚೆನ್ನಾಗಿರೋ ಬೇರಿಂಗ್ ತುಂಬಾ ಹೊತ್ತು ನಿಧಾನಕ್ಕೆ ಸುತ್ತಿ, ಎಲ್ಲಿ ನಿಲ್ತು ಅಂತ ಗೊತ್ತಾಗದ ಹಾಗೆ ನಿಲ್ಲತ್ತೆ. ಮಡ್ಡಿ ಹಿಡಿದಿರೋದು ಯಾರೋ ಕೈ ಅಡ್ಡ ಇಟ್ಟ ಹಾಗೆ ಬೇಗ ನಿಲ್ಲತ್ತೆ. ಸುತ್ತುವಾಗ ಉದ್ದನೆ ಸ್ಕ್ರೂಡ್ರೈವರ್ ತುದಿ ಬೇರಿಂಗ್ ಕೊಳವೆಗೆ ಮೆಲ್ಲಗೆ ತಾಗಿಸಿ, ಹಿಡಿಯನ್ನ ಕಿವಿಗೆ ಇಟ್ಕೊಳಿ, ಒಳಗೆ ಮರಳು ಅರೆದ ಹಾಗೆ ಕೇಳಿದ್ರೆ ಬೇರಿಂಗೇ. ಏನೂ ಕೇಳಿಸ್ದೆ ಮೋಟರ್ ಆನ್ ಮಾಡಿದಾಗ ಮಾತ್ರ ಗುರ್ರ್ ಅಂದ್ರೆ ಅದು ಮೋಟರ್ ಕತೆ, ಈ ಕೆಲಸದಿಂದ ಹೋಗಲ್ಲ.

ಇನ್ನೊಂದು ಲೆಕ್ಕ ತಲೇಲಿ ಇಟ್ಕೊಳಿ: ಎಲ್‌ಪಿ ನಿಮಿಷಕ್ಕೆ 33⅓ ಸುತ್ತು, ಅಂದ್ರೆ ಒಂದು ಸುತ್ತಿಗೆ 1.8 ಸೆಕೆಂಡ್. ಶ್ರುತಿ ಅಲುಗಾಡೋದು ಕರೆಕ್ಟಾಗಿ 1.8 ಸೆಕೆಂಡ್‌ಗೆ ಒಂದು ಸಲ ಬರ್ತಿದ್ರೆ ಮೊದ್ಲು ಬೇರೆ ರೆಕಾರ್ಡ್ ಹಾಕಿ ನೋಡಿ, ಯಾಕಂದ್ರೆ ರೆಕಾರ್ಡ್‌ನ ಮಧ್ಯದ ತೂತೇ ಓರೆ ಆಗಿದ್ರೂ ಇದೇ ಥರ ಆಗತ್ತೆ, ಪಾಪ ಬೇರಿಂಗ್ ಮೇಲೆ ಸುಮ್ನೆ ತಪ್ಪು ಹೊರಿಸ್ತೀವಿ. ಸ್ಪೀಡ್ ಹಿಡಿಯೋಕೆ ಒದ್ದಾಡೋದಕ್ಕೂ ಕಾರಣ ಇದೆ: ಬೆಲ್ಟ್ ಡ್ರೈವ್‌ಗಳಲ್ಲಿ ತುಂಬಾ ಕಡೆ ಇರೋದು ಸಿಂಕ್ರೋನಸ್ ಮೋಟರ್, ಅದು ಕರೆಂಟಿನ ಫ್ರೀಕ್ವೆನ್ಸಿ ಹಿಡ್ಕೊಂಡು ಒಂದೇ ವೇಗದಲ್ಲಿ ತಿರುಗತ್ತೆ. ಬೇರಿಂಗ್ ಭಾರ ಆದ್ರೂ ಮೋಟರ್ ನಿಧಾನ ಆಗಲ್ಲ, ಬೆಲ್ಟ್ ಜಾರತ್ತೆ. ಅದಕ್ಕೇ ಹೊಸ ಬೆಲ್ಟ್ ಹಾಕಿದ್ರೂ ನಿಮಗೆ ಪೂರ್ತಿ ಗುಣ ಕಾಣ್ಲಿಲ್ಲ.

ಈಗ ಕೆಲಸ. ಮುಳ್ಳು ಹೊತ್ತಿರೋ ತೋಳು, ಅಂದ್ರೆ ಟೋನ್‌ಆರ್ಮ್ ಲಾಕ್ ಮಾಡಿ, ಮುಳ್ಳಿಗೆ ಅದರ ಮುಚ್ಚಳ ಹಾಕಿ, ಆಗೋದಾದ್ರೆ ತೋಳಿನ ತುದಿಯ ಹೆಡ್‌ಶೆಲ್ ಕಳಚಿ ದೂರ ಇಟ್ಬಿಡಿ, ಈ ಕೆಲಸದಲ್ಲಿ ಬೇರಿಂಗ್‌ಗಿಂತ ಹೆಚ್ಚು ಮುರಿಯೋದು ಮುಳ್ಳು. ಮ್ಯಾಟ್ ತೆಗೆದು ಹೊರಗಿನ ಪ್ಲ್ಯಾಟರ್ ಎತ್ತಿ. ಥೋರೆನ್ಸ್ ಟಿಡಿ 160 ಥರದವುಗಳಲ್ಲಿ ಒಳಗೊಂದು ಚಿಕ್ಕ ಪ್ಲ್ಯಾಟರ್ ಇರತ್ತೆ, ಸ್ಪಿಂಡಲ್ ಅದಕ್ಕೇ ಅಂಟಿಕೊಂಡಿರತ್ತೆ. ಅದನ್ನ ಎರಡೂ ಕೈಲಿ ಹಿಡಿದು ನೆಟ್ಟಗೆ ಮೇಲಕ್ಕೆ, ನಿಧಾನವಾಗಿ ತಿರುಗಿಸ್ತಾ ಎಳೀರಿ. ಓರೆ ಮಾಡಬೇಡಿ, ಬುಷ್ ಅಂಚು ಗೀರು ಬೀಳತ್ತೆ. ಒಳಗಿಂದ ಯಾರೋ ಹಿಡಿದು ಎಳೆದ ಹಾಗೆ ಅನ್ಸತ್ತೆ, ಗಾಬರಿ ಬೇಡ, ಗಾಳಿ ಹೋಗೋಕೆ ಜಾಗ ಇಲ್ಲದೆ ನಿರ್ವಾತ ಆಗಿರತ್ತೆ ಅಷ್ಟೇ, ಬೇರಿಂಗ್ ಬಿಗಿಯಾಗಿದೆ ಅನ್ನೋದಕ್ಕೆ ಒಳ್ಳೇ ಗುರುತು ಅದು. ಕೆಳಗೆ ಬಿಳೀ ಬಟ್ಟೆ ಹಾಸಿರಿ, ಯಾಕಂದ್ರೆ ಬಾಲ್ ಕೆಲವು ಸಲ ಸ್ಪಿಂಡಲ್ ತುದಿಗೆ ಮಡ್ಡಿ ಜೊತೆ ಅಂಟ್ಕೊಂಡು ಬಂದು ಟಣ್ ಅಂತ ಬಿದ್ದು ಸೋಫಾ ಕೆಳಗೆ ಹೋಗತ್ತೆ, ಆಮೇಲೆ ಸಾಯಂಕಾಲ ಪೂರ್ತಿ ಹುಡುಕಾಟ. ಬಾವಿ ತಳದಲ್ಲೇ ಉಳಿದಿದ್ರೆ ಸಣ್ಣ ಅಯಸ್ಕಾಂತದ ಕಡ್ಡಿಯಿಂದ ಎತ್ತಿ, ಆ ಅಯಸ್ಕಾಂತ ಮುಳ್ಳು ಕೂರೋ ಕಾರ್ಟ್ರಿಜ್ ಹತ್ರ ಸುಳಿಯೋದು ಬೇಡ.

ತೆಗೆದ ಎಣ್ಣೆಯ ಬಣ್ಣ ನೋಡೋದು ಮರೀಬೇಡಿ. ಜೇನಿನ ಬಣ್ಣ ಇದ್ರೆ ಬರೀ ಹಳೇದಾಗಿದೆ. ಕಾಡಿಗೆ ಥರ ಕಪ್ಪು ಇಲ್ಲಾ ಬೂದು ಇದ್ದು, ಬೆಳಕಿಗೆ ಹಿಡಿದಾಗ ಮಿಣಮಿಣ ಅಂದ್ರೆ ಲೋಹ ಸವೆದಿದೆ. ಹಸಿರು ಕಂಡ್ರೆ ಹೆದರಬೇಡಿ, ತಾಮ್ರ ಸೇರಿರೋ ಬುಷ್‌ಗೆ ಹಳೇ ಗ್ರೀಸ್ ಸೇರಿ ಹಿಡಿದ ಕಿಲುಬು ಅದು, ಒರೆಸಿದ್ರೆ ಹೋಗತ್ತೆ.

ಒರೆಸೋದ್ರಲ್ಲೇ ನಿಜವಾದ ಕೆಲಸ ಇರೋದು. ಸಣ್ಣ ಮರದ ಕಡ್ಡಿಗೆ ನೂಲು ಬಿಡದ ಬಟ್ಟೆ ಸುತ್ತಿ ಬಾವಿಯೊಳಗೆ ತಿರುಗಿಸಿ, ಬಟ್ಟೆ ಬದಲಾಯಿಸಿ, ಮತ್ತೆ ತಿರುಗಿಸಿ, ಬಟ್ಟೆ ಬೆಳ್ಳಗೆ ಬರೋವರೆಗೂ ಬಿಡಬೇಡಿ. ಕಿವಿಗೆ ಹಾಕೋ ಹತ್ತಿಕಡ್ಡಿ ಅನುಕೂಲ ಅನ್ಸತ್ತೆ, ಆದ್ರೆ ಅದರ ಒಂದು ಎಳೆ ಒಳಗೆ ಉಳಿದು ಬಾಲ್ ಕೆಳಗೆ ಸಿಕ್ಕಿದ್ರೆ ಪಟ್ಟ ಕಷ್ಟವೆಲ್ಲ ದಂಡ, ಅದನ್ನ ಬಳಸಿದ್ರೆ ಕೊನೇಗೆ ಟಾರ್ಚ್ ಬಿಟ್ಟು ನೋಡಿ. ಕಬ್ಬಿಣದ ಏನನ್ನೂ ಒಳಗೆ ಹಾಕಿ ಕೆರೀಬೇಡಿ. ಸ್ಪಿಂಡಲ್, ಬಾಲ್, ಥ್ರಸ್ಟ್ ಪ್ಲೇಟ್ ಇವನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬಹುದು, 99 ಪರ್ಸೆಂಟ್‌ದು ತಗೊಳಿ, 70ರದ್ದರಲ್ಲಿ ನೀರು ಇರತ್ತೆ, ಸ್ಟೀಲಿಗೆ ಒಳ್ಳೇದಲ್ಲ.

ಆದ್ರೆ ಬುಷ್ ವಿಷ್ಯದಲ್ಲಿ ಜೋಪಾನ. ತುಂಬಾ ಟರ್ನ್‌ಟೇಬಲ್‌ಗಳಲ್ಲಿ ಇರೋದು ಸಿಂಟರ್ಡ್ ಕಂಚಿನ ಬುಷ್, ಕಂಚಿನ ಪುಡಿಯನ್ನ ಒತ್ತಿ ಕಾಯಿಸಿ ಮಾಡಿದ್ದು, ಸ್ಪಂಜಿನ ಹಾಗೆ ಕಣ್ಣಿಗೆ ಕಾಣದ ತೂತುಗಳು, ಅದರ ಗಾತ್ರದ ಸುಮಾರು ಐದರಲ್ಲೊಂದು ಪಾಲು ಎಣ್ಣೇನೇ ತುಂಬಿರತ್ತೆ. ತಿರುಗಿ ಬಿಸಿಯಾದಾಗ ಆ ಎಣ್ಣೆ ಹೊರಗೆ ಜಿನುಗತ್ತೆ. ಬಾವಿ ತುಂಬಾ ಆಲ್ಕೋಹಾಲ್, ಪೆಟ್ರೋಲ್ ಸುರಿದು ತೊಳೆದ್ರೆ ಆ ಉಗ್ರಾಣ ಪೂರ್ತಿ ಖಾಲಿ. ಹಾಗಾಗಿ ಬುಷ್‌ನ ಮುಂದೆ ಹಾಕೋ ಎಣ್ಣೆಯಿಂದಲೇ ಒರೆಸಿ, ತೀರಾ ಅಂಟಿದ್ರೆ ಮಾತ್ರ ಬಟ್ಟೆಗೆ ಸ್ವಲ್ಪ ಆಲ್ಕೋಹಾಲ್ ತಾಗಿಸಿ. ಈಗಾಗಲೇ ಯಾರೋ ತೊಳೆದುಬಿಟ್ಟಿದ್ರೆ ಬಾವಿ ತುಂಬಾ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ತೆಗೆದು ಆಮೇಲೆ ಅಳತೆ ಎಣ್ಣೆ ಹಾಕಿ, ಒಂದಷ್ಟು ವಾಪಸ್ ಹೀರಿಕೊಳತ್ತೆ.

ಅಳತೆ ಅಂದ್ರೆ ಇಷ್ಟು: ಬಾಲ್ ಮುಳುಗೋಷ್ಟು ಹಾಕಿ, ಸ್ಪಿಂಡಲ್‌ಗೂ ತೆಳ್ಳಗೆ ಸವರಿ ಇಳಿಸಿ, ಪೂರ್ತಿ ಇಳಿದಾಗ ಬಾವಿ ಬಾಯಲ್ಲಿ ತೆಳ್ಳಗೆ ಒಂದು ಎಣ್ಣೆ ಉಂಗುರ ಕಾಣ್ಬೇಕು. ಕಾಣಲಿಲ್ಲ ಅಂದ್ರೆ ಎತ್ತಿ ಇನ್ನೆರಡು ಹನಿ. ಉಕ್ಕಿ ಹರಿದ್ರೆ ಒರೆಸಿ, ಆ ಕೈಲಿ ಬೆಲ್ಟ್ ಮುಟ್ಟಬೇಡಿ. ಬೆಲ್ಟಿಗೋ, ಅದು ಕೂರೋ ಅಂಚಿಗೋ ಒಂದು ಚೂರು ಎಣ್ಣೆ ತಾಗಿದ್ರೂ ಮತ್ತೆ ಜಾರಾಟ ಶುರು.

ಪ್ರಶ್ನೆ: ನೀವು ಹೇಳಿದ ಹಾಗೇ ಮಾಡಿದೆ, ಆದ್ರೆ ಪ್ಲ್ಯಾಟರ್ ಅರ್ಧ ಇಂಚು ಮೇಲೇ ನಿಂತಿದೆ, ಒತ್ತಿದ್ರೂ ಇಳೀತಿಲ್ಲ. ಬಾಲ್ ತಪ್ಪಾಗಿ ಕೂತಿದೆಯಾ?

ಉತ್ತರ: ಇಲ್ಲ, ದಯವಿಟ್ಟು ಒತ್ತೋದು ನಿಲ್ಲಿಸಿ. ಬಾವಿ ತಳದಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿದೆ, ಅದು ಸ್ಪಿಂಡಲ್ ಸುತ್ತ ಎಣ್ಣೆ ಪದರದ ಮೂಲಕವೇ ಮೇಲೆ ಬರ್ಬೇಕು, ಸಮಯ ಬೇಕು. ಬಿಗಿ ಇರೋ ಬೇರಿಂಗ್‌ನಲ್ಲಿ ಗಂಟೆಗಟ್ಟಲೆ ಆಗೋದೂ ಉಂಟು, ರಾತ್ರಿ ಬಿಟ್ಟು ಮಲಗಿ. ಒತ್ತಿದ್ರೆ ಎಣ್ಣೆ ಗಾಳಿ ಜೊತೆ ಚಿಮ್ಮಿ ಹೊರಗೆ ಬರತ್ತೆ, ನೀವು ಹಾಕಿದ ಅಳತೆಯೇ ತಪ್ಪಿಹೋಗತ್ತೆ. ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯೋ ಪ್ಲ್ಯಾಟರ್ ನೋಡೋದು ನನಗಂತೂ ಇವತ್ತಿಗೂ ಖುಷಿ. ಬೆಳಿಗ್ಗೆಗೂ ಅಲ್ಲೇ ನಿಂತಿದ್ರೆ ಆಗ ಬಿಚ್ಚಿ ನೋಡಿ, ಎರಡು ಬಾಲ್ ಹಾಕಿಬಿಟ್ಟಿರಬಹುದು, ಸ್ಪಿಂಡಲ್‌ಗೆ ಅಂಟಿದ್ದ ಹಳೇದನ್ನ ಗಮನಿಸದೆ ಇನ್ನೊಂದು ಹಾಕೋರು ಇದ್ದಾರೆ.

ಪ್ರಶ್ನೆ: ಯಾವ ಎಣ್ಣೆ? ಮನೇಲಿ ಡಬ್ಲ್ಯುಡಿ-40 ಇದೆ, ಹೊಲಿಗೆ ಮಷಿನ್ ಎಣ್ಣೆ ಇದೆ, ಕಾರಿನ ಎಂಜಿನ್ ಆಯಿಲ್ ಇದೆ.

ಉತ್ತರ: ಮ್ಯಾನುಯಲ್ ಸಿಕ್ಕಿದ್ರೆ ಅದರಲ್ಲಿ ಹೇಳಿದ್ದೇ ಹಾಕಿ, ಉಳಿದ ಮಾತು ಮ್ಯಾನುಯಲ್ ಇಲ್ಲದೋರಿಗೆ. ಡಬ್ಲ್ಯುಡಿ ಅನ್ನೋದರ ಅರ್ಥವೇ ನೀರನ್ನ ಹೊರದೂಡೋದು ಅಂತ. ತುಕ್ಕು ಹಿಡಿದ ಸ್ಕ್ರೂ ಬಿಡಿಸೋಕೆ ಚೆನ್ನ, ಆದ್ರೆ ಹೆಚ್ಚು ಪಾಲು ಆರಿಹೋಗಿ ಉಳಿಯೋ ಪದರ ಪ್ಲ್ಯಾಟರ್ ಭಾರ ಹೊರೋಷ್ಟು ಇರಲ್ಲ. ಎಂಜಿನ್ ಆಯಿಲ್‌ನಲ್ಲಿ ಡಿಟರ್ಜೆಂಟ್ ಇರತ್ತೆ, ಕೊಳೆಯನ್ನ ತಳಕ್ಕೆ ಕೂರದ ಹಾಗೆ ತೇಲಿಸಿ ಇಟ್ಕೊಳೋಕೆ, ಎಂಜಿನ್‌ನಲ್ಲಿ ಅದನ್ನ ಸೋಸೋಕೆ ಫಿಲ್ಟರ್ ಇದೆ, ಇಲ್ಲಿ ಎಲ್ಲಿದೆ? ಹೊಲಿಗೆ ಮಷಿನ್ ಎಣ್ಣೆ ತೆಳು, ಶುದ್ಧ, ಬಿಗಿ ಬೇರಿಂಗ್‌ಗೆ ನಡಿಯತ್ತೆ. ಭಾರದ ಪ್ಲ್ಯಾಟರ್, ಸ್ವಲ್ಪ ಸವೆದು ಸಡಿಲ ಆಗಿರೋ ಬುಷ್ ಇದ್ರೆ ದಪ್ಪ ಬೇಕು, ಟರ್ಬೈನ್ ಆಯಿಲ್ ಐಎಸ್‌ಒ 68 ಇಲ್ಲಾ ಡಿಟರ್ಜೆಂಟ್ ಇಲ್ಲದ ಎಸ್‌ಎಇ 20 ಥರದ್ದು (ಈ ನಂಬರ್‌ಗಳು ಎಣ್ಣೆ ಎಷ್ಟು ದಪ್ಪ ಅನ್ನೋದಕ್ಕೆ ಅಳತೆ). ದಪ್ಪ ಅತಿಯಾದ್ರೆ ಮತ್ತೆ ಬೆಲ್ಟ್ ಜಾರೋ ಸಮಸ್ಯೆ. ಅಡುಗೆ ಎಣ್ಣೆ ಯಾವುದೂ ಬೇಡ, ಕೆಲವೇ ತಿಂಗಳಲ್ಲಿ ಅಂಟಾಗತ್ತೆ.

ಎಲ್ಲದಕ್ಕೂ ಎಣ್ಣೇನೇ ಅಂತಾನೂ ಅಲ್ಲ. ಗ್ಯಾರಾರ್ಡ್ 301 ಅನ್ನೋ ಹಳೇ ಟರ್ನ್‌ಟೇಬಲ್‌ನಲ್ಲಿ ಮೊದಮೊದಲು ಬಂದವು ಗ್ರೀಸ್ ಬೇರಿಂಗ್, ಆಮೇಲೆ ಬಂದವು ಆಯಿಲ್ ಬೇರಿಂಗ್, ಹೆಸರು ಒಂದೇ. ನಿಮ್ಮದು ಯಾವುದು ಅಂತ ನೋಡದೆ ಗ್ರೀಸ್‌ದಕ್ಕೆ ಎಣ್ಣೆ ಹಾಕಿದ್ರೆ ಸೋರಿಹೋಗತ್ತೆ. ಬಾಲ್ ಮೇಲುಗಡೆ ಇರೋ ತಲೆಕೆಳಗಾದ ಬೇರಿಂಗ್‌ಗಳೂ ಇವೆ, ಅವುಗಳಲ್ಲಿ ತೆಳು ಎಣ್ಣೆ ಕೆಳಗಿಳಿದು ಬಾಲ್ ಒಣಗತ್ತೆ.

ಪ್ರಶ್ನೆ: ನಂದು ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2, ಡೈರೆಕ್ಟ್ ಡ್ರೈವ್, ಅಂದ್ರೆ ಬೆಲ್ಟ್ ಇಲ್ಲ, ಮೋಟರ್ರೇ ನೇರ ತಿರುಗಿಸತ್ತೆ. ಇದನ್ನೂ ಬಿಚ್ಚಬೇಕಾ?

ಉತ್ತರ: ಬೇಡ ಮೇಡಂ. ಅದರಲ್ಲಿ ಮೋಟರ್‌ದೂ ಪ್ಲ್ಯಾಟರ್‌ದೂ ಬೇರಿಂಗ್ ಒಂದೇ, ಸದ್ದಿಲ್ಲದೆ ತಿರುಗ್ತಿದ್ರೆ ಕೈ ಹಾಕಬೇಡಿ. ಮ್ಯಾನುಯಲ್ ಹೇಳೋದು 2000 ಗಂಟೆಗೊಮ್ಮೆ ಎರಡು ಮೂರು ಹನಿ, ದಿನಕ್ಕೆ ಎರಡು ಗಂಟೆ ಕೇಳಿದ್ರೂ ಹೆಚ್ಚುಕಡಿಮೆ ಮೂರು ವರ್ಷ ಆಯ್ತು. ಪ್ಲ್ಯಾಟರ್ ಎತ್ತಿದಾಗ ಅದರ ಕೆಳಗಿರೋ ದೊಡ್ಡ ಅಯಸ್ಕಾಂತಕ್ಕೆ ಸ್ಕ್ರೂ, ಕಬ್ಬಿಣದ ಪುಡಿ ಅಂಟದ ಹಾಗೆ ನೋಡ್ಕೊಳಿ, ಆ ಪ್ಲ್ಯಾಟರ್ರೇ ಮೋಟರ್‌ನ ಅರ್ಧ ಭಾಗ.

ಪ್ರಶ್ನೆ: ಕ್ಲೀನ್ ಮಾಡಿ ಎಣ್ಣೆ ಹಾಕಿ ಒಂದೇ ತಿಂಗಳಿಗೆ ಮತ್ತೆ ಕಪ್ಪಾಗಿದೆ, ಗುರ್ರ್ ಕಮ್ಮಿ ಆಗಿದೆ ಆದ್ರೆ ಪೂರ್ತಿ ಹೋಗಿಲ್ಲ.

ಉತ್ತರ: ಮೊದಲ ಸಲ ಕಪ್ಪಾಗೋದು ಸಹಜ, ಬುಷ್ ತೂತುಗಳಲ್ಲಿ ಉಳಿದ ಹಳೇ ಕೊಳೆ ಹೊರಗೆ ಬರತ್ತೆ, ಇನ್ನೊಂದು ಸಲ ಒರೆಸಿ ಹೊಸದು ಹಾಕಿ. ಎರಡನೇ ಸಲಾನೂ ಕಪ್ಪಾದ್ರೆ ಬಾಲ್‌ನ ಬೆಳಕಲ್ಲಿ ತಿರುಗಿಸಿ ನೋಡಿ, ಒಂದು ಕಡೆ ಚಪ್ಪಟೆ ಮಚ್ಚೆ ಇದ್ರೆ ಅದೇ ಕಾರಣ. ಕ್ಯಾಲಿಪರ್‌ನಲ್ಲಿ ಅಳೆದು ಅದೇ ಅಳತೆಯ ಸ್ಟೀಲ್ ಬಾಲ್ ತನ್ನಿ, ಗ್ರೇಡ್ ನಂಬರ್ ಕಡಿಮೆ ಇದ್ದಷ್ಟೂ ಬಾಲ್ ಹೆಚ್ಚು ದುಂಡು, ಗ್ರೇಡ್ 10 ಇಲ್ಲಾ 25 ಸಾಕು. ಸಿರಾಮಿಕ್ ಹಾಕಿದ್ರೆ ಸೌಂಡ್ ಬದಲಾಗತ್ತೆ ಅಂತ ತುಂಬಾ ಜನ ಹೇಳ್ತಾರೆ, ನನ್ನ ಅಭಿಪ್ರಾಯ ಕೇಳಿದ್ರೆ ದುಂಡಗಿರೋ ಸ್ಟೀಲ್ ಬಾಲೇ ಸಾಕು. ಥ್ರಸ್ಟ್ ಪ್ಲೇಟ್‌ನಲ್ಲಿ ನುಣ್ಣಗಿನ ಸಣ್ಣ ಗುಳಿ ಇದ್ರೆ ಪರ್ವಾಗಿಲ್ಲ, ಉಗುರಿಗೆ ತಡೆಯೋ ಹಾಗೆ ಒರಟು ಹಳ್ಳ ಬಿದ್ದಿದ್ರೆ ತಿರುಗಿಸಿ ಹಿಂದಿನ ಮೈ ಮೇಲೆ ಮಾಡಿ. ಪ್ಲ್ಯಾಟರ್ ಅಂಚು ಹಿಡಿದು ಮೆಲ್ಲಗೆ ಅಲುಗಿಸಿದಾಗ ಸ್ಪಿಂಡಲ್ ಪಕ್ಕಕ್ಕೆ ಕಟಕ್ ಅಂತ ಆಡಿದ್ರೆ ಬುಷ್ ಸವೆದಿದೆ, ಅದು ಎಣ್ಣೇಲಿ ವಾಸಿ ಆಗಲ್ಲ, ಲೇತ್ ಕೆಲಸ ಗೊತ್ತಿರೋರ ಹತ್ರ ಹೊಸ ಬುಷ್ ಹಾಕಿಸಬೇಕು. ಹಾಗೆ ಕೊಡೋಕೆ ತಗೊಂಡು ಹೋಗುವಾಗ ಪ್ಲ್ಯಾಟರ್, ಸ್ಪಿಂಡಲ್ ಬೇರೆ ಮಾಡಿ, ಬಾವಿಯ ಎಣ್ಣೆ ತೆಗೆದು, ಬಾಲ್‌ನ ಒಂದು ಪುಟ್ಟ ಡಬ್ಬೀಲಿ ಹಾಕಿ ಮೇಲೆ ಹೆಸರು ಬರೆದು ಕೊಡಿ.