ಯೂಸರ್ ಸ್ಟೋರಿಯಲ್ಲಿ ಎಷ್ಟು ಬರೆದರೆ ಸಾಕು?

ಪ್ರಶ್ನೆ: ನಮ್ಮ ತಂಡದಲ್ಲಿ ಯೂಸರ್ ಸ್ಟೋರಿಗಳನ್ನು, ಅಂದರೆ ಸಾಫ್ಟ್‌ವೇರ್‌ನಲ್ಲಿ ಬಳಕೆದಾರರಿಗೆ ಏನು ಬೇಕೆಂಬ ಚಿಕ್ಕ ವಿವರಣೆಗಳನ್ನು, ಒಂದೇ ಸಾಲಿನಲ್ಲಿ ಬರೆಯುತ್ತೇವೆ. ವಿವರ ಸಾಲದೆಂದು ಡೆವಲಪರ್‌ಗಳು ದೂರುತ್ತಾರೆ. ಪುಟಗಟ್ಟಲೆ ಬರೆದರೆ ಯಾರೂ ಪೂರ್ತಿ ಓದುವುದಿಲ್ಲ. ಏನನ್ನು, ಎಷ್ಟು ದಾಖಲಿಸಬೇಕು?

ಉತ್ತರ: ಡೆವಲಪರ್‌ಗಳ ದೂರು ನ್ಯಾಯವಾದದ್ದೇ. ಆದರೆ ಆ ಒಂದು ಸಾಲನ್ನು ಹಿಗ್ಗಿಸುವುದು ಅದಕ್ಕೆ ಪರಿಹಾರವಲ್ಲ; ಅದರ ಕೆಳಗೆ ಅಕ್ಸೆಪ್ಟೆನ್ಸ್ ಕ್ರೈಟೀರಿಯಾ, ಅಂದರೆ ಕೆಲಸ ಮುಗಿದಿದೆಯೆಂದು ಒಪ್ಪಿಕೊಳ್ಳಲು ಬೇಕಾದ ಷರತ್ತುಗಳನ್ನು ಬರೆಯಬೇಕು. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಸಾಫ್ಟ್‌ವೇರ್ ತಯಾರಿಕೆಯ ಪದ್ಧತಿಯಿಂದ ಬಂದ ಯೂಸರ್ ಸ್ಟೋರಿಗೆ ಕಾರ್ಡು (ಬರೆದಿಟ್ಟ ಸಾಲು), ಮಾತುಕತೆ (ಅದರ ಬಗ್ಗೆ ತಂಡದ ಚರ್ಚೆ), ಖಾತರಿ (ಕೆಲಸ ಮುಗಿದಿದೆಯೆಂಬ ಪರೀಕ್ಷೆ) ಎಂಬ ಮೂರು ಅಂಗಗಳಿವೆಯೆಂದು ಆ ಪದ್ಧತಿಯ ರೂವಾರಿಗಳಲ್ಲೊಬ್ಬರಾದ ರಾನ್ ಜೆಫ್ರೀಸ್ 2001ರಲ್ಲಿ ವಿವರಿಸಿದ್ದರು. ನಿಮ್ಮಲ್ಲಿ ಕಾರ್ಡು ಮಾತ್ರ ಉಳಿದಂತಿದೆ.

ಒಂದು ಉದಾಹರಣೆ ನೋಡೋಣ. ‘ಪಾಸ್‌ವರ್ಡ್ ಮರೆತ ಬಳಕೆದಾರರು ಸಹಾಯವಾಣಿಯ ನೆರವಿಲ್ಲದೆ ಖಾತೆಗೆ ಮರಳುವಂತಾಗಲು, ಇಮೇಲ್ ಮೂಲಕ ಹೊಸ ಪಾಸ್‌ವರ್ಡ್ ಹೊಂದಿಸಿಕೊಳ್ಳುವ ಸೌಲಭ್ಯ ಬೇಕು.’ ಯಾರಿಗೆ, ಏನು, ಏಕೆ ಎಂಬುದು ಇಲ್ಲಿ ಸ್ಪಷ್ಟವಾಗಿದೆ. ಈ ಪೈಕಿ ‘ಏಕೆ’ ಎಂಬುದನ್ನೇ ಬಹಳ ಮಂದಿ ಬಿಟ್ಟುಬಿಡುತ್ತಾರೆ. ಇನ್ನು ಷರತ್ತುಗಳು: ಕಳುಹಿಸಿದ ಲಿಂಕ್ 30 ನಿಮಿಷಗಳ ನಂತರ ಕೆಲಸ ಮಾಡಬಾರದು, ಒಮ್ಮೆ ಬಳಸಿದ ಲಿಂಕ್ ಮತ್ತೆ ತೆರೆಯಬಾರದು, ನೋಂದಣಿಯಾಗದ ಇಮೇಲ್ ವಿಳಾಸ ಕೊಟ್ಟರೂ ನೋಂದಣಿಯಾದ ವಿಳಾಸಕ್ಕೆ ತೋರಿಸುವ ಸಂದೇಶವೇ ಪರದೆಯ ಮೇಲೆ ಕಾಣಿಸಬೇಕು. ಈ ಕೊನೆಯದನ್ನು ಬರೆಯದಿದ್ದರೆ, ‘ಈ ವಿಳಾಸ ನಮ್ಮಲ್ಲಿಲ್ಲ’ ಎಂದು ತೋರಿಸುವ ಪರದೆ ಸಿದ್ಧವಾಗಿ, ಯಾರಿಗೆ ಖಾತೆ ಇದೆಯೆಂಬುದನ್ನು ಹೊರಗಿನವರು ಪತ್ತೆ ಹಚ್ಚಲು ದಾರಿಯಾಗುತ್ತದೆ. ‘ಸುಲಭವಾಗಿರಬೇಕು’, ‘ಬೇಗ ತೆರೆಯಬೇಕು’ ಎಂಬಂಥವು ಷರತ್ತುಗಳೇ ಅಲ್ಲ. ಟೆಸ್ಟರ್ ಹೌದು ಅಥವಾ ಇಲ್ಲವೆಂದು ಹೇಳಲಾಗದ ಮಾತನ್ನು ಬರೆದೂ ಪ್ರಯೋಜನವಿಲ್ಲ.

ಬಟನ್ನಿನ ಬಣ್ಣ, ಡೇಟಾಬೇಸ್‌ನ ರಚನೆ ಇತ್ಯಾದಿ ಕಾರ್ಡಿನಲ್ಲಿ ಬೇಡ. ವಿನ್ಯಾಸದ ಕಡತಕ್ಕೆ ಲಿಂಕ್ ಕೊಟ್ಟರೆ ಸಾಕು. ಎಲ್ಲ ಸ್ಟೋರಿಗಳಿಗೂ ಅನ್ವಯಿಸುವ ಭದ್ರತೆ, ವೇಗದಂತಹ ನಿಯಮಗಳನ್ನು ‘ಡೆಫಿನಿಷನ್ ಆಫ್ ಡನ್’ನಲ್ಲಿ, ಅಂದರೆ ಯಾವುದೇ ಕೆಲಸ ಮುಗಿದಿದೆ ಎನ್ನಲು ತಂಡ ಒಪ್ಪಿಕೊಂಡ ಸಾಮಾನ್ಯ ಪಟ್ಟಿಯಲ್ಲಿ, ಒಮ್ಮೆ ಬರೆದಿಡಿ.

ಮಾತುಕತೆಯಲ್ಲಿ ಆದ ತೀರ್ಮಾನವನ್ನು ಮಾತ್ರ, ಅದರ ಕಾರಣ ಮತ್ತು ದಿನಾಂಕದೊಂದಿಗೆ, ಅಂದೇ ಅದೇ ಕಾರ್ಡಿನಲ್ಲಿ ನಮೂದಿಸಬೇಕು. ಚಾಟ್‌ನಲ್ಲಿ ಉಳಿದ ತೀರ್ಮಾನ ತಂಡಕ್ಕೆ ಹೊಸದಾಗಿ ಸೇರಿದವರ ಕಣ್ಣಿಗೆ ಬೀಳುವುದೇ ಇಲ್ಲ. ಷರತ್ತುಗಳು ಹತ್ತನ್ನು ಮೀರುತ್ತಿದ್ದರೆ ಒಂದೇ ಕಾರ್ಡಿನಲ್ಲಿ ಎರಡು ಸ್ಟೋರಿಗಳು ಸೇರಿಕೊಂಡಿರುವ ಸಂಭವ ಹೆಚ್ಚು. ಅಂತಹದನ್ನು ಸ್ಪ್ರಿಂಟ್‌ಗೆ (ತಂಡ ಕೆಲಸ ಮಾಡುವ ಕೆಲವು ವಾರಗಳ ನಿಗದಿತ ಅವಧಿಗೆ) ತೆಗೆದುಕೊಳ್ಳುವ ಮೊದಲೇ ಒಡೆಯಿರಿ, ಆದರೆ ಪರದೆಗೊಂದು, ಡೇಟಾಬೇಸ್‌ಗೊಂದು ಎಂದಲ್ಲ, ಪ್ರತಿ ತುಂಡೂ ಬಳಕೆದಾರರಿಗೆ ಉಪಯೋಗಕ್ಕೆ ಬರುವಂತೆ.