ಟ್ಯಾಬ್ ಎರಡು, ಮಕ್ಕಳು ಇಪ್ಪತ್ತೊಂದು: ಗುಂಪಿನಲ್ಲಿ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 4 ಮತ್ತು 5ನೇ ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಿಕ್ಷಕಿ. ಎರಡೂ ಸೇರಿ 21 ಮಕ್ಕಳಿದ್ದಾರೆ. ಹಳೆಯ ವಿದ್ಯಾರ್ಥಿಗಳು ಒಂದು ಪ್ರೊಜೆಕ್ಟರ್ ಮತ್ತು ಎರಡು ಟ್ಯಾಬ್ ಕೊಡಿಸಿದ್ದಾರೆ. ಗುಂಪಿಗೆ ಟ್ಯಾಬ್ ಕೊಟ್ಟರೆ ಒಬ್ಬ ಹುಡುಗ ಹಿಡಿದು ಕೂರುತ್ತಾನೆ, ಉಳಿದವರು ಇಣುಕುತ್ತಾರೆ ಇಲ್ಲವೇ ಗಲಾಟೆ ಮಾಡುತ್ತಾರೆ. ನೆಟ್‌ವರ್ಕ್ ಕೂಡ ಸರಿಯಾಗಿ ಸಿಗುವುದಿಲ್ಲ. ಇನ್ನಷ್ಟು ಟ್ಯಾಬ್‌ಗಳಿಗಾಗಿ ದಾನಿಗಳನ್ನು ಕೇಳಬೇಕೆ?

ಉತ್ತರ: ಸದ್ಯಕ್ಕೆ ಬೇಡ. ತಲೆಗೊಂದು ಟ್ಯಾಬ್ ಬಂದರೆ ಗಲಾಟೆ ನಿಲ್ಲಬಹುದು, ಆದರೆ ಅದರೊಂದಿಗೆ ಮಕ್ಕಳ ನಡುವಿನ ಮಾತುಕತೆಯೂ ನಿಲ್ಲುತ್ತದೆ. ನಿಮ್ಮ ತೊಂದರೆಯ ಮೂಲ ಇರುವುದು ಸಾಧನಗಳ ಕೊರತೆಯಲ್ಲಲ್ಲ, ಕೊಡುವ ಕೆಲಸದಲ್ಲಿ. ಒಬ್ಬರೇ ಮಾಡಿ ಮುಗಿಸಬಹುದಾದ ಕೆಲಸವನ್ನು ಐವರಿಗೆ ವಹಿಸಿದರೆ ಒಬ್ಬರು ಮಾಡುತ್ತಾರೆ, ನಾಲ್ವರು ನೋಡುತ್ತಾರೆ. ದೊಡ್ಡವರ ಸಮಿತಿಗಳಲ್ಲೂ ನಡೆಯುವುದು ಇದೇ ತಾನೆ!

ನಿಮ್ಮ ಮಕ್ಕಳಿಗೆ ಗುಂಪಿನ ಕಲಿಕೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಣೆ ಪಡೆದು ಆರಂಭವಾದ ನಲಿ-ಕಲಿ ಪದ್ಧತಿಯು 2009-10ರಿಂದ ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳಿಗೆ ಹರಡಿತು. ಅದರಲ್ಲಿ ಮಕ್ಕಳು ಕೂರುವ ಗುಂಪುಗಳಿಗೆ 'ತಟ್ಟೆ' ಎನ್ನುತ್ತಾರೆ. ಮೂರನೇ ತರಗತಿಯವರೆಗೆ ಶಿಕ್ಷಕರ ನೆರವಿನ ತಟ್ಟೆ, ಗೆಳೆಯರ ನೆರವಿನ ತಟ್ಟೆ, ಸ್ವಕಲಿಕೆಯ ತಟ್ಟೆ ಎಂದು ಜಾಗ ಬದಲಿಸುತ್ತಾ ಕಲಿತ ಮಕ್ಕಳು ನಾಲ್ಕಕ್ಕೆ ಬಂದೊಡನೆ ಕರಿಹಲಗೆಯತ್ತ ಮುಖ ಮಾಡಿ ಸಾಲಾಗಿ ಕೂರುತ್ತಾರೆ. ಆ ತಟ್ಟೆಗಳನ್ನು ಮರಳಿ ತನ್ನಿ; ಟ್ಯಾಬ್ ಅವುಗಳಲ್ಲೊಂದಾಗಲಿ. ಚಿಕ್ಕ ಪರದೆಯನ್ನು ಮೂವರಿಗಿಂತ ಹೆಚ್ಚು ಮಕ್ಕಳು ಒಟ್ಟಿಗೆ ನೋಡಲಾಗುವುದಿಲ್ಲವಾದ್ದರಿಂದ ಮೂವರಂತೆ ಏಳು ಗುಂಪು ಮಾಡಿ, 4 ಮತ್ತು 5ನೇ ತರಗತಿಯವರನ್ನು ಬೆರೆಸಿ ಕೂರಿಸಿ. 40 ನಿಮಿಷದ ಅವಧಿಯಲ್ಲಿ ಗುಂಪಿಗೆ 20 ನಿಮಿಷದಂತೆ ನಾಲ್ಕು ಗುಂಪುಗಳಿಗೆ ಟ್ಯಾಬ್ ಸಿಗುತ್ತದೆ, ಮರು ಅವಧಿಯಲ್ಲಿ ಉಳಿದ ಮೂರಕ್ಕೆ. ಟ್ಯಾಬ್ ಇಲ್ಲದ ಗುಂಪುಗಳು ಓದು, ಬರಹ, ನಕ್ಷೆಯಲ್ಲಿ ತೊಡಗಿರುವಾಗ ಹಿಂದುಳಿದ ಮಕ್ಕಳ ಪಕ್ಕ ಕೂರಲು ನಿಮಗೂ ಬಿಡುವಾಗುತ್ತದೆ.

ಇನ್ನು ಕೆಲಸದ ಸ್ವರೂಪ. ಪರಿಸರ ಅಧ್ಯಯನದಲ್ಲಿ ನೀರಿನ ಪಾಠ ಬಂದಿದೆ ಎಂದುಕೊಳ್ಳಿ. 'ನಮ್ಮ ಬೀದಿಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ?' ಎಂಬ ಒಂದೇ ಪ್ರಶ್ನೆಯನ್ನು ಎಲ್ಲ ಗುಂಪುಗಳಿಗೂ ಕೊಡಿ. ಮಕ್ಕಳನ್ನು ನೀವೇ ಕರೆದುಕೊಂಡು ಹೋದಾಗ, ಗುಂಪಿನ ಒಂದು ಮಗು ನೀರುಗಂಟಿಯನ್ನು ಮಾತನಾಡಿಸಿ ಧ್ವನಿಮುದ್ರಿಸಲಿ, ಇನ್ನೊಂದು ಕೊಳವೆಬಾವಿ, ಟ್ಯಾಂಕು, ವಾಲ್ವ್, ತೊಂಬೆಗಳ ಫೋಟೊ ತೆಗೆಯಲಿ, ಮತ್ತೊಂದು ಕಾಗದದ ಮೇಲೆ ದಾರಿಯ ನಕ್ಷೆ ಬರೆದುಕೊಳ್ಳಲಿ. ಶಾಲೆಗೆ ಮರಳಿದ ಮೇಲೆ ಐದು ಫೋಟೊಗಳನ್ನು ನೀರು ಹರಿಯುವ ಕ್ರಮದಲ್ಲಿ ಜೋಡಿಸಿ, ಒಂದು ನಿಮಿಷದ ವಿವರಣೆಯನ್ನು ಮೂವರೂ ಸೇರಿ ಧ್ವನಿಮುದ್ರಿಸಬೇಕು. ನಕ್ಷೆಯಿಲ್ಲದೆ ಫೋಟೊಗಳ ಕ್ರಮ ತಿಳಿಯದು. ನೀರುಗಂಟಿಯ ಮಾತು ಕೇಳದೆ ಮೋಟಾರು ಯಾವ ಹೊತ್ತಿಗೆ ಚಾಲೂ ಆಗುತ್ತದೆ, ಮೇಲಿನ ಬೀದಿಗೆ ನೀರೇಕೆ ಸಣ್ಣಗೆ ಬರುತ್ತದೆ ಎಂಬುದು ಗೊತ್ತಾಗದು. ಮಾಹಿತಿಯನ್ನು ಹೀಗೆ ಹಂಚಿಟ್ಟು, ಒಬ್ಬರಿಗೊಬ್ಬರು ಅನಿವಾರ್ಯವಾಗುವಂತೆ ಮಾಡುವ ಕ್ರಮವನ್ನು ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ರೂಪಿಸಿದರು. ಕರಿಯರು ಮತ್ತು ಬಿಳಿಯರ ಮಕ್ಕಳನ್ನು ಒಂದೇ ತರಗತಿಯಲ್ಲಿ ಕೂರಿಸಿದಾಗ ಎದ್ದ ಹಗೆಯನ್ನು ತಗ್ಗಿಸುವುದು ಅವರ ಉದ್ದೇಶವಾಗಿತ್ತು. ಅದಕ್ಕೆ ಯಂತ್ರದ ಅಗತ್ಯವೇ ಇರಲಿಲ್ಲ ಎಂಬುದನ್ನು ಗಮನಿಸಿ.

ಟ್ಯಾಬ್ ಮುಂದೆ ಕುಳಿತಾಗ ಒಂದೇ ನಿಯಮ ಸಾಕು: ಪರದೆ ಮುಟ್ಟುವ ಮಗು ತನ್ನ ಯೋಚನೆಯಂತೆ ಒತ್ತುವಂತಿಲ್ಲ, ಉಳಿದಿಬ್ಬರು ಹೇಳಿದ್ದನ್ನು ಮಾತ್ರ ಒತ್ತಬೇಕು. ಐದು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಕೈ ಬದಲಿಸಿ. ಹಿಡಿದು ಕೂರುವ ಹುಡುಗ ಮೊದಲೆರಡು ದಿನ ಗೊಣಗುತ್ತಾನೆ, ಗೊಣಗಲಿ. ಬರವಣಿಗೆಯಲ್ಲಿ ತಡವರಿಸುವ, ಮನೆಯಲ್ಲಿ ಲಂಬಾಣಿಯನ್ನೋ ತೆಲುಗನ್ನೋ ಆಡುವ ಮಕ್ಕಳಿಗೆ ಧ್ವನಿಮುದ್ರಣ ದೊಡ್ಡ ಆಸರೆ. ತಾವು ಹೇಳಿದ್ದನ್ನು ತಾವೇ ಕೇಳಿ, ತಿದ್ದಿ, ಮತ್ತೆ ಹೇಳುವ ಅವಕಾಶವನ್ನು ನೋಟ್‌ಬುಕ್ ಇಷ್ಟು ಸಲೀಸಾಗಿ ಕೊಡುವುದಿಲ್ಲ. ಟ್ಯಾಬಿನ ನಿಜವಾದ ಉಪಯೋಗ ನನ್ನ ದೃಷ್ಟಿಯಲ್ಲಿ ಇದೇ, ಬಣ್ಣಬಣ್ಣದ ಆಟದ ಆ್ಯಪ್‌ಗಳಲ್ಲ.

ನೆಟ್‌ವರ್ಕ್ ವಿಚಾರಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಮೇಲಿನ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ. ಸರ್ಕಾರದ ದೀಕ್ಷಾ ಆ್ಯಪ್‌ನ ಪಾಠಗಳನ್ನೂ, ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದ ಕನ್ನಡ ಕಥೆಗಳನ್ನೂ ಸಿಗ್ನಲ್ ಇರುವಲ್ಲಿ ಇಳಿಸಿಕೊಂಡು ತರಬಹುದು. ಪ್ರೊಜೆಕ್ಟರ್‌ನಲ್ಲಿ ವಿಡಿಯೊ ತೋರಿಸುವಾಗ ಫಲಿತಾಂಶ ಬರುವ ಮುನ್ನವೇ ನಿಲ್ಲಿಸಿ, ಮುಂದೇನಾಗುತ್ತದೆಂದು ಪಕ್ಕದವರೊಡನೆ ಎರಡು ನಿಮಿಷ ಮಾತನಾಡಲು ಬಿಡಿ. ಮಕ್ಕಳ ಮುಖ ಕಾಣುವ ಫೋಟೊಗಳನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ.

ಪ್ರಶ್ನೆ: ಮಗಳು ಐದನೇ ತರಗತಿ. ಗುಂಪಿನ ಪ್ರಾಜೆಕ್ಟ್ ಬಂದರೆ ಎಲ್ಲವನ್ನೂ ಇವಳೇ ಮಾಡುತ್ತಾಳೆ, ಅಂಕ ಮಾತ್ರ ಎಲ್ಲರಿಗೂ ಸಮ. ಇದರಿಂದ ಅವಳಿಗೇನು ಲಾಭ?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಸಹಕಾರಿ ಕಲಿಕೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಲಾವಿನ್ ಎರಡು ಸಂಗತಿಗಳು ಒಟ್ಟಿಗಿರಬೇಕೆಂದು ಒತ್ತಿ ಹೇಳಿದ್ದರು: ಗುಂಪಿಗೆ ಸಮಾನ ಗುರಿ, ಪ್ರತಿ ಮಗುವಿಗೂ ಅದರದೇ ಹೊಣೆ. ನೀವು ಹೇಳುತ್ತಿರುವ ಪ್ರಾಜೆಕ್ಟ್‌ನಲ್ಲಿ ಎರಡನೆಯದು ಇಲ್ಲ. ಕೆಲಸ ಮುಗಿದ ಮೇಲೆ ಗುಂಪಿನ ಯಾರನ್ನು ಬೇಕಾದರೂ ಎಬ್ಬಿಸಿ ವಿವರಣೆ ಕೇಳುವ ಪದ್ಧತಿ ಇಟ್ಟುಕೊಳ್ಳಬಹುದೇ ಎಂದು ಶಿಕ್ಷಕರನ್ನು ವಿನಯದಿಂದ ವಿಚಾರಿಸಿ. ಆಗ ನಿಮ್ಮ ಮಗಳು ಉಳಿದವರ ಕೆಲಸವನ್ನು ತಾನು ಮಾಡುವ ಬದಲು ಅವರಿಗೆ ವಿವರಿಸಬೇಕಾಗುತ್ತದೆ. ಬರಿದೇ ಉತ್ತರ ಹೇಳಿಕೊಡುವುದರಿಂದ ಇಬ್ಬರಿಗೂ ಹೆಚ್ಚು ಪ್ರಯೋಜನವಿಲ್ಲ. ಏಕೆ, ಹೇಗೆ ಎಂದು ಬಿಡಿಸಿ ಹೇಳುವಾಗ ಹೇಳುವವರಿಗೇ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆ. ಅವಳು ರಾತ್ರಿ ಕುಳಿತು ಪ್ರಿಂಟ್ ತೆಗೆದು ಅಂಟಿಸುವ ಚಾರ್ಟ್‌ಗಳಾದರೆ, ಅದನ್ನು ಗುಂಪಿನ ಕಲಿಕೆ ಎನ್ನಲಾಗದು; ಅಂತಹ ಕೆಲಸ ತರಗತಿಯೊಳಗೇ ನಡೆಯಲಿ ಎಂದು ಪೋಷಕರ ಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ.